ಫೀ ಕಟ್ಟಿ ಹುಡುಕಿದ ಹೆಸರು

ಹೋದ ವಾರ ನಾನು ಪರರ ಮನೆಯ ಕಾಗದಪತ್ರ ನೋಡಿ ಬಂದೆ. ಕದ್ದು ಅಲ್ಲ. ಹಾಡುಹಗಲಿನಲ್ಲಿ, ಸರಕಾರಿ ಬೆಂಚಿನ ಮೇಲೆ ಕುಳಿತು, ಫೀ ಕಟ್ಟಿ, ರಸೀದಿ ಪಡೆದು.

ನಂಬುವುದಿಲ್ಲವೆ? ನಾನೂ ನಂಬಿರಲಿಲ್ಲ.

ಈ ಯುದ್ಧ ಶುರುವಾದ ಮೇಲೆ ಪುಣೆಯಲ್ಲಿ ಹೆಸರು ಬರೆಸದೆ ಬದುಕುವ ಹಾಗಿಲ್ಲ. ಸಕ್ಕರೆಗೆ ಹೆಸರು ಬರೆಸಬೇಕು, ಸೀಮೆಎಣ್ಣೆಗೆ ಬರೆಸಬೇಕು. ಸೈಕಲ್ಲಿಗೆ ಬಿಲ್ಲೆ, ರೇಡಿಯೋಗೆ ಲೈಸೆನ್ಸು. (ನಮ್ಮ ಮನೆಯಲ್ಲಿ ರೇಡಿಯೋ ಇಲ್ಲ. ಎದುರು ಮನೆಯದು ನಮಗೂ ಚೆನ್ನಾಗಿ ಕೇಳಿಸುತ್ತದೆ. ಕೇಳುವುದಕ್ಕೂ ಲೈಸೆನ್ಸು ಬೇಕೋ ಏನೋ, ವಿಚಾರಿಸಲು ಹೋಗಿಲ್ಲ.) ಆದರೆ ನಾವು ಬರೆಸಿದ್ದೆಲ್ಲ ಎಲ್ಲಿ ಹೋಗುತ್ತದೆ? ಯಾವ ಕಪಾಟಿನಲ್ಲಿ ಕೂರುತ್ತದೆ? ಅದನ್ನು ತೆಗೆದು ನೋಡುವ ಹಕ್ಕು ಯಾರಿಗಿದೆ? ಈ ಕುತೂಹಲ ನನಗೆ ಬಹಳ ದಿನದಿಂದ ಇತ್ತು. ಅದಕ್ಕೊಂದು ದಾರಿ ಮಾಡಿಕೊಟ್ಟವಳು ರಮಕ್ಕ.

ರಮಕ್ಕನನ್ನು ಪುಣೆಯ ಕನ್ನಡದವರಿಗೆ ಪರಿಚಯಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಸದಾಶಿವ ಪೇಟೆಯ ಒಂದು ವಾಡೆಯ ಹಿಂಭಾಗದಲ್ಲಿ ಎರಡು ಖೋಲಿಗಳಿವೆ. ಒಂದರಲ್ಲಿ ಆಕೆಯ ಒಲೆ, ಇನ್ನೊಂದರಲ್ಲಿ ಸಾಲು ಮಣೆಗಳು. ಗಂಡ ತೀರಿಕೊಂಡ ಮೇಲೆ ಅಥಣಿಯಿಂದ ಬಂದು ಇಲ್ಲಿ ಖಾನಾವಳಿ ಹೂಡಿದವಳು. ಧಾರವಾಡ, ವಿಜಾಪುರದ ಕಡೆಯಿಂದ ಕಾಲೇಜಿಗೆ ಬಂದವರು, ಖಡಕಿಯ ಫ್ಯಾಕ್ಟರಿಗೆ ಹೋಗುವ ಕಾರಕೂನರು, ಎಲ್ಲರೂ ಅಲ್ಲಿಯೇ ಉಣ್ಣುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಈಗ ರೇಶನ್ನು ಬಂದಿದೆ. ಉಣ್ಣುವವರು ತಮ್ಮ ತಮ್ಮ ಕಾರ್ಡಿನ ಧಾನ್ಯ ತಂದು ಆಕೆಯ ಡಬ್ಬಿಗೆ ಸುರಿಯುತ್ತಾರೆ. ಆಕೆ ಎಲ್ಲವನ್ನೂ ಒಂದು ಮಾಡಿ ರೊಟ್ಟಿ ಬಡಿಯುತ್ತಾಳೆ. ನಾನೂ ಮದುವೆಗೆ ಮೊದಲು ಆ ಪಂಕ್ತಿಯಲ್ಲಿ ಕೂತವನೇ. (ಮದುವೆಯಾದ ಮೇಲೂ ಕೂತಿದ್ದೇನೆ. ಇದನ್ನು ದಯವಿಟ್ಟು ನಮ್ಮ ಮನೆಯಲ್ಲಿ ಯಾರೂ ಓದಿ ಹೇಳಬೇಡಿ.)

ಆ ದಿನ ಮಧ್ಯಾಹ್ನ ಪಂಕ್ತಿ ಎದ್ದ ಮೇಲೆ ರಮಕ್ಕ ನಮ್ಮ ಮನೆಗೆ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನೀರು ಕೊಟ್ಟರೆ ಬೇಡವೆಂದಳು.

“ಮಾಸ್ತರ, ಸಾಲಿ ಸೂಟಿ ಅದ ಅಲ್ಲ? ನನ್ನ ಜೋಡಿ ಒಂದೀಟು ಕಚೇರಿಗೆ ಬರ್ರಿ.”

“ಯಾವ ಕಚೇರಿ ರಮಕ್ಕಾ?”

“ಮನಿ ಕಾಗದ ರಜಿಸ್ಟರ್ ಮಾಡತಾರಲ್ಲ, ಅದು. ಸೀನ ಮನಿ ಮಾರಲಿಕ್ಕೆ ನಿಂತಾನ.”

ಸೀನ ಎಂದರೆ ಆಕೆಯ ತಮ್ಮ ಶ್ರೀನಿವಾಸ. ವಾಡೆಯ ಮುಂಭಾಗದಲ್ಲಿ ಆತನ ಸಂಸಾರ. ಇವರ ತಂದೆ ವೆಂಕಪ್ಪನವರು ಗುಳೇದಗುಡ್ಡದ ಖಣ, ಇಳಕಲ್ಲ ಸೀರೆ ಮಾರುತ್ತ ಪುಣೆಗೆ ಬಂದು ನೆಲೆ ನಿಂತವರು. ಅವರು ಹೋಗಿ ಬಹಳ ವರ್ಷಗಳಾದವು, ತಾಯಿಯೂ ಹೋಗಿದ್ದಾರೆ. ಈಗ ಯುದ್ಧದ ದೆಸೆಯಿಂದ ಪುಣೆಯಲ್ಲಿ ಮನೆಗಳಿಗೆ ಒಳ್ಳೆಯ ಬೆಲೆ ಬಂದಿದೆ. ಇದೇ ಸಮಯವೆಂದು ಮನೆ ಮಾರಿ, ಬೆಳಗಾವಿಗೆ ಹೋಗಿ ದೊಡ್ಡ ಅಂಗಡಿ ಇಡಬೇಕೆಂದು ಶ್ರೀನಿವಾಸನ ಮನಸ್ಸು. ಕೊಳ್ಳುವವರಿಗೆ ಇಡೀ ವಾಡೆ ಬೇಕು. ಹಿಂದಿನ ಖೋಲಿಗಳೂ ಖಾಲಿಯಾಗಬೇಕು.

“ಆ ಖೋಲಿ ಎರಡೂ ನನ್ನವು. ನಮ್ಮಪ್ಪ ನನ್ನ ಹೆಸರಿಲೆ ತಗೊಂಡಾರ.”

“ಕಾಗದ ಅದ ಏನು?”

“ಅಪ್ಪನ ಪೆಟಗಿಯೊಳಗ ಇತ್ತು. ಪ್ಲೇಗಿನಾಗ ಎಲ್ಲಾರೂ ಊರ ಹೊರಗ ಹೋದಾಗ ಪೆಟಗಿನೂ ಹೋತು. ಸೀನ ವಕೀಲರನ್ನ ಕರಕೊಂಡು ಹೋಗಿ ಕಚೇರಿಯೊಳಗ ಹುಡುಕಿಸ್ಯಾನ. ಅಪ್ಪನ ಹೆಸರಿಲೆ ಮುಂದಿನ ಮನಿ ಅದ ಅಂತ. ನನ್ನ ಹೆಸರಿಲೆ ಏನೂ ಇಲ್ಲ ಅಂತ.”

ಶ್ರೀನಿವಾಸ ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಮುಂದಿನ ಸಾಲಿನಿಂದಲೇ ಅವನನ್ನು ಬೈಯಲು ಶುರು ಮಾಡುತ್ತೀರಿ. ಅಕ್ಕನನ್ನು ಬೀದಿಗೆ ಹಾಕುವ ವಿಚಾರ ಅವನಿಗೆ ಇರಲಿಲ್ಲ. ಬೆಳಗಾವಿಗೆ ಬಾ, ನಮ್ಮ ಜೊತೆ ಇರು, ಸಾಕಿನ್ನು ಒಲೆ ಊದಿದ್ದು ಎಂದಿದ್ದ. ನಾನೂ ಅದನ್ನೇ ಹೇಳಿದೆ. ತಮ್ಮನ ಮನೆಯಲ್ಲಿ ಏನು ಕಡಿಮೆ?

“ಈಗ ಮಂದಿ ನನ್ನ ಕೈಯಾಗ ಉಣ್ತಾರ್ರಿ ಮಾಸ್ತರ. ಅಲ್ಲಿ ಹೋದ್ರ ನಾ ಮಂದಿ ಕೈಯಾಗ ಉಣ್ಣಬೇಕು. ಇಷ್ಟs ಫರಕ” ಎಂದಳು.

ನಾನು ಟೊಪ್ಪಿಗೆ ಹಾಕಿಕೊಂಡೆ.

ಕಚೇರಿಯ ಪಡಸಾಲೆಯಲ್ಲಿ ಅರ್ಜಿ ಬರೆಯುವವರು, ಸಾಕ್ಷಿ ಹಾಕುವವರು, ಹೆಬ್ಬೆಟ್ಟಿನ ಮಸಿಯನ್ನು ಕಂಬಕ್ಕೆ ಒರೆಸುವವರು ತುಂಬಿದ್ದರು. ಆ ಕಂಬ ನೋಡುವ ಹಾಗಿತ್ತು. ಪುಣೆಯ ಅರ್ಧ ಆಸ್ತಿವಂತರ ಬೆರಳು ಅದರ ಮೇಲೆ ಮೂಡಿದ್ದಿರಬೇಕು. ಒಳಗೆ ಹುಡುಕಾಟದ ಕಾರಕೂನ, ಒಬ್ಬ ಮರಾಠಿ ಗೃಹಸ್ಥ. ಮುಖದಲ್ಲಿ ನಗೆ ಇರಲಿಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಇತ್ತು. ಸರಕಾರಿ ಕಚೇರಿಯಲ್ಲಿ ಎರಡರಲ್ಲಿ ಒಂದು ಸಿಕ್ಕರೆ ಸಾಕಲ್ಲವೆ?

ನಾನು ಮರಾಠಿಯಲ್ಲಿ ಕೇಳಿದೆ, “ನಮ್ಮದಲ್ಲದ ಮನೆಯ ಕಾಗದವನ್ನೂ ನೋಡಬಹುದೆ?”

“ನೋಡಬಹುದು.”

“ಯಾರು ಬೇಕಾದರೂ?”

“ಯಾರು ಬೇಕಾದರೂ.”

“ಯಾಕೆ ನೋಡುತ್ತೀರಿ ಎಂದು ನೀವು ಕೇಳುವುದಿಲ್ಲವೆ?”

“ಫೀ ಕಟ್ಟಿದ್ದೀರಾ ಎಂದು ಕೇಳುತ್ತೇವೆ.”

ಮೃತ್ಯುಪತ್ರಗಳನ್ನು, ಅಂದರೆ ಉಯಿಲುಗಳನ್ನು, ಮಾತ್ರ ಹೀಗೆ ಕಂಡವರಿಗೆಲ್ಲ ತೋರಿಸುವುದಿಲ್ಲವಂತೆ. ಮನೆ, ಹೊಲ ಕೊಟ್ಟು ತೆಗೆದುಕೊಂಡ ಪತ್ರಗಳ ನಕಲು ಇರುವ ಪುಸ್ತಕ ಎಲ್ಲರಿಗೂ ತೆರೆದದ್ದು. ನಾನು ಬೆರಗಾದೆ. ನಮ್ಮಲ್ಲಿ ಮನೆಯ ಕಾಗದವೆಂದರೆ ಪೆಟ್ಟಿಗೆಯ ತಳದಲ್ಲಿ, ಮಡಿ ಬಟ್ಟೆಯ ಕೆಳಗೆ, ಸ್ವಂತ ಮಗನಿಗೂ ತೋರಿಸದೆ ಇಡುವ ವಸ್ತು. ಬೇರೆಯವರ ಕಾಗದ ನೋಡಬೇಕೆನ್ನುವವನಿಗೆ ಕಳ್ಳನ ಮರ್ಯಾದೆ. ಸರಕಾರವಾದರೋ ಅದನ್ನೇ ನಕಲು ಮಾಡಿ, ಬನ್ನಿ ನೋಡಿ ಎನ್ನುತ್ತದೆ. ಒಂದೇ ಮನೆಯನ್ನು ಒಬ್ಬ ಇಬ್ಬರಿಗೆ ಮಾರಬಾರದು, ಅದಕ್ಕೆ ಈ ಏರ್ಪಾಡು ಎಂದ ಕಾರಕೂನ. ಮುಚ್ಚಿಟ್ಟರೆ ಭದ್ರ ಎಂದು ನಾವು, ತೆರೆದಿಟ್ಟರೆ ಭದ್ರ ಎಂದು ಅವರು. ಯಾರದು ಸರಿ? ನಾನು ಆ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಯೋಚಿಸಿದೆ.

(ಸುಳ್ಳು ಯಾಕೆ ಹೇಳಲಿ, ಅದನ್ನಷ್ಟೇ ಯೋಚಿಸಲಿಲ್ಲ. ನಮ್ಮ ಮನೆಯ ಮಾಲೀಕರು ಬಾಡಿಗೆಗೆ ಬಂದಾಗಲೆಲ್ಲ, ಹೆಂಡತಿಯ ಕೈಯ ಚಿನ್ನದ ಪಾಟಲಿ ಮಾರಿ ಈ ಮನೆ ಕಟ್ಟಿಸಿದೆ ಎಂದು ಕಣ್ಣೀರು ಹಾಕುತ್ತಾರೆ. ಅದೂ ಈ ಪುಸ್ತಕದಲ್ಲಿ ಇದೆಯೋ ಹೇಗೆ ಎಂದು ಕೈ ತುರಿಸಿತು. ಪಾಟಲಿಯನ್ನು ರಜಿಸ್ಟರ್ ಮಾಡುವುದಿಲ್ಲ ಎಂದು ಆಮೇಲೆ ತಿಳಿಯಿತು.)

ರಮಕ್ಕ ತನ್ನ ಹೆಸರು ಹೇಳಿದಳು, ಮದುವೆಯಾದ ವರ್ಷ ಹೇಳಿದಳು. ಖೋಲಿಗಳನ್ನು ಮಾರಿದವರು ಯಾರೆಂದು ಆಕೆಗೆ ಗೊತ್ತಿರಲಿಲ್ಲ. ಮನೆ ನಂಬರಿನ ಮೇಲೆ ಹುಡುಕೋಣವೆಂದರೆ ಪೇಟೆಯ ನಂಬರುಗಳೆಲ್ಲ ನಡುವೆ ಬದಲಾಗಿದ್ದವು. ಉಳಿದದ್ದು ಹೆಸರಿನ ಪಟ್ಟಿಯೊಂದೇ. ಹಳೆಯ ಪುಸ್ತಕಗಳು ಮರಾಠಿಯನ್ನು ಹಿಂದೆ ಬರೆಯುತ್ತಿದ್ದ ಮೋಡಿ ಅಕ್ಷರದಲ್ಲಿವೆ. ನನಗೆ ಅದು ಬಾರದು. ಕಾರಕೂನ ಬೆರಳಿಟ್ಟು ಓದುತ್ತ ಹೋದ. ಆ ವರ್ಷ ನೋಡಿದ, ಅದರ ಹಿಂದಿನದು ನೋಡಿದ, ಮುಂದಿನದೂ ನೋಡಿದ. ರಾಧಾಬಾಯಿ ಇದ್ದಳು, ರಖಮಾಬಾಯಿ ಇದ್ದಳು. ರಮಾಬಾಯಿ ಇರಲಿಲ್ಲ.

“ಇದೇ ಹೆಸರನ್ನು ಮೊದಲೇ ಬಂದು ನೋಡಿ ಹೋಗಿದ್ದಾರೆ, ಬಾಯಿ. ಕೊಳ್ಳುವವರ ವಕೀಲರೂ ನೋಡಿದ್ದಾರೆ” ಎಂದ. ಪುಸ್ತಕ ಮುಚ್ಚಿದ.

ಹೊರಗೆ ಬಂದೆವು. ಬಿಸಿಲು ಜೋರಾಗಿತ್ತು. ಟಾಂಗಾ ಮಾಡೋಣವೆಂದರೆ ರಮಕ್ಕ ಬೇಡವೆಂದಳು. ನಡೆಯುತ್ತ ನಾನು ಮೆಲ್ಲಗೆ ಒಂದು ಮಾತು ತೆಗೆದೆ. ವೆಂಕಪ್ಪನವರು ಬಾಯಿಮಾತಿನಲ್ಲಿ ಕೊಟ್ಟಿರಬಹುದು, ಕಾಗದ ಮಾಡಿಸುವುದು ಉಳಿದುಹೋಗಿರಬಹುದು, ಎಷ್ಟೋ ಮನೆಗಳಲ್ಲಿ ಹೀಗಾಗಿದೆ ಎಂದೆ. ರಮಕ್ಕನಿಗೆ ಸಿಟ್ಟು ಬಂತು.

“ನಮ್ಮಪ್ಪ ಬಾಯಿಮಾತಿನ ಮನಷ್ಯಾ ಅಲ್ರಿ. ನಾಳೆ ಮದುವಿ ಅಂದ್ರ ಇವತ್ತು ನನ್ನ ಕೈ ಹಿಡಕೊಂಡು ಆ ಖೋಲಿಯೊಳಗ ನಿಂದ್ರಿಸಿದ್ರು. ‘ಸುಭದ್ರಾ, ಇದು ನಿಂದು. ಕಾಗದ ಮಾಡಿಸೇನಿ. ಮುಂದ ಎಲ್ಲಿಂದರ ಎದ್ದು ಹೋಗು ಅಂದ್ರ, ಇಲ್ಲಿಗೆ ಬಂದು ಕೂಡು’ ಅಂದ್ರು. ಅವರ ಮಾತು ಇನ್ನೂ ಕಿವಿಯೊಳಗ ಅದ.”

ನಾನು ರಸ್ತೆಯ ನಡುವೆ ನಿಂತುಬಿಟ್ಟೆ. ಹಿಂದಿನಿಂದ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಮರಾಠಿಯಲ್ಲಿ ನನ್ನ ಕಣ್ಣುಗಳ ಬಗ್ಗೆ ವಿಚಾರಿಸಿಕೊಂಡು ಹೋದ.

“ಸುಭದ್ರಾ? ಯಾರು ಸುಭದ್ರಾ?”

“ನಾನs. ಮತ್ಯಾರು?” ಎನ್ನುತ್ತ ಆಕೆ ಮುಂದೆ ನಡೆದಳು. ಆಮೇಲೆ ಆಕೆಯೂ ನಿಂತಳು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಮದುವೆಯಲ್ಲಿ ತಟ್ಟೆ ತುಂಬ ಅಕ್ಕಿ ಹರಡುತ್ತಾರೆ. ಗಂಡು ಉಂಗುರ ಹಿಡಿದು ಅದರ ಮೇಲೆ ಹೆಣ್ಣಿನ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ಬಗ್ಗಿ ನೋಡುತ್ತಾರೆ, ಸಕ್ಕರೆ ಹಂಚುತ್ತಾರೆ. ಅತ್ತೆಯ ಮನೆಯಲ್ಲಿ ಆ ಹೆಸರು, ಕ್ರಮೇಣ ತವರಿನಲ್ಲಿಯೂ ಆ ಹೆಸರು. ಗಂಡಿನ ಕಡೆಯವರಿಗೆ ಬೇಸರವಾಗಬಾರದೆಂದು ಹೆತ್ತವರೇ ನಾಲಗೆ ತಿದ್ದಿಕೊಳ್ಳುತ್ತಾರೆ. ಅಕ್ಕಿಯನ್ನು ಮರುದಿನ ಅಡಿಗೆಗೆ ಹಾಕುತ್ತಾರೆ.

“ಅಲ್ರಿ ಮಾಸ್ತರ, ಅವರು ಹೆಸರೇನು ಅಂದ್ರು. ಇದ್ದ ಹೆಸರು ಹೇಳಿದೆ” ಎಂದಳು ರಮಕ್ಕ. ಆಕೆಯ ಮುಖದಲ್ಲಿ ತಪ್ಪು ಮಾಡಿದ ಅಂಜಿಕೆ ಇತ್ತು. ತಪ್ಪು ಯಾರದು? ವಕೀಲರಿಗೆ ಹೊಳೆಯಲಿಲ್ಲ, ನನಗೆ ಹೊಳೆಯಲಿಲ್ಲ. ನಮ್ಮ ಮನೆಗಳಲ್ಲಿ ವರ್ಷಕ್ಕೊಂದು ಮದುವೆ ನೋಡುತ್ತೇವೆ.

ತಿರುಗಿ ಕಚೇರಿಗೆ ಹೋದೆವು. ಕಾರಕೂನ ಕಪಾಟಿಗೆ ಬೀಗ ಹಾಕುವವನಿದ್ದ. ಹೊಸ ಹೆಸರು ಎಂದರೆ ಹೊಸ ಅರ್ಜಿ, ಹೊಸ ಫೀ ಎಂದು ಗೊಣಗಿದ. (ಅದು ಹಳೆಯ ಹೆಸರು, ಆದರೆ ಅವನೊಡನೆ ವಾದ ಮಾಡುವ ಹೊತ್ತು ಅದಲ್ಲ.) ಪುಸ್ತಕ ಮತ್ತೆ ಹೊರಬಂತು. ಬೆರಳು ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು.

“ಸುಭದ್ರಾ ವೆಂಕಪ್ಪ!” ಎಂದು ಅವನು ಗಟ್ಟಿಯಾಗಿ ಓದಿದ. ದಿನವೆಲ್ಲ ಹೆಸರು ಕೂಗುವ ಅಭ್ಯಾಸ ಅವನಿಗೆ.

“ಓ” ಎಂದಳು ರಮಕ್ಕ.

ಅಂಗಳದಲ್ಲಿ ಆಡುವ ಹುಡುಗಿಯನ್ನು ಒಳಗಿನಿಂದ ಕರೆದರೆ ಓಗೊಡುತ್ತಾಳಲ್ಲ, ಹಾಗೆ. ಹೇಳಿದ ಮೇಲೆ ನಾಚಿ ಸೆರಗು ಬಾಯಿಗೆ ಹಿಡಿದಳು. ನಾನು ಗೋಡೆಯ ಮೇಲಿನ ನೋಟೀಸು ಓದುವವನ ಹಾಗೆ ಆಚೆ ತಿರುಗಿ ನಿಂತೆ.

ಪತ್ರದಲ್ಲಿ ಎಲ್ಲವೂ ಇತ್ತು. ಎರಡು ಖೋಲಿ, ಹಿಂದಿನ ಬಾಗಿಲು, ಬಾವಿಯ ನೀರಿನ ಹಕ್ಕು. ಕೊಂಡವಳು ವೆಂಕಪ್ಪನ ಮಗಳು ಸುಭದ್ರಾ, ವಯಸ್ಸಿಗೆ ಬಾರದವಳು, ಆದ್ದರಿಂದ ಪಾಲಕನಾಗಿ ತಂದೆ. ಪಟ್ಟಿಯಲ್ಲಿ ಮಾತ್ರ ಕೊಂಡವಳ ಹೆಸರಷ್ಟೇ ಏರಿತ್ತು. ಗೆದ್ದೆವು ಎಂದುಕೊಂಡೆ. ಕಾರಕೂನ ಕನ್ನಡಕ ತೆಗೆದ.

“ಸುಭದ್ರಾ ಸಿಕ್ಕಳು. ಈ ರಮಾಬಾಯಿಯೇ ಆ ಸುಭದ್ರಾ ಎನ್ನುವುದಕ್ಕೆ ಏನಿದೆ?”

“ನಿಮ್ಮಲ್ಲಿ ಅದಕ್ಕೂ ಒಂದು ಪುಸ್ತಕ ಇರಬೇಕಲ್ಲ?”

“ಇಲ್ಲ. ಮನೆ ಕೈ ಬದಲಿಸಿದರೆ ನಮಗೆ ತಿಳಿಸಬೇಕು. ಹೆಣ್ಣುಮಕ್ಕಳ ಹೆಸರು ಬದಲಿಸಿದರೆ ಯಾರೂ ತಿಳಿಸುವುದಿಲ್ಲ” ಎಂದ. ಅಷ್ಟು ಹೇಳಿ ನಕಲಿಗೆ ಅರ್ಜಿ ಕೊಡಿ ಎಂದು ಕಾಗದ ಮುಂದೆ ತಳ್ಳಿದ.

ಎರಡು ದಿನದ ಮೇಲೆ ನಕಲು ಕೈಗೆ ಬಂತು. ರಮಕ್ಕನೂ ನಾನೂ ವಾಡೆಯ ಮುಂಭಾಗಕ್ಕೆ ಹೋದೆವು. ಶ್ರೀನಿವಾಸ ಜಗಲಿಯ ಮೇಲೆ ಕೂತು ಖಣಗಳನ್ನು ಮಡಿಸಿ ಗಂಟು ಕಟ್ಟುತ್ತಿದ್ದ. ನಾನು ನಕಲನ್ನು ಅವನ ಮುಂದಿಟ್ಟೆ. ಓದಿದ. ಇನ್ನೊಮ್ಮೆ ಓದಿದ.

“ಮಾಸ್ತರ, ನನಗ ಇರೂದು ಒಬ್ಬs ಅಕ್ಕ. ಆಕಿ ಹೆಸರು ರಮಾ. ಈ ಸುಭದ್ರಾ ಯಾರ್ರಿ?”

ಅವನು ನಾಟಕ ಆಡುತ್ತಿರಲಿಲ್ಲ. ರಮಕ್ಕನ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವನು. ಹುಟ್ಟಿದಂದಿನಿಂದ ಆಕೆಯನ್ನು ಅಕ್ಕ ಎಂದೇ ಕರೆದವನು.

“ನಾನs ಸೀನಾ” ಎಂದಳು ರಮಕ್ಕ.

ಅವನು ತಲೆ ಕೆರೆದುಕೊಂಡ. “ಸಿಟ್ಟಾಗಬ್ಯಾಡ ಅಕ್ಕಾ. ನನಗಿಂತ ಮೊದಲ ಮತ್ತೊಂದು ಕೂಸು ಹುಟ್ಟಿ ಹೋಗಿರಬಹುದು. ಅದರ ಹೆಸರಿಲೆ ಮಾಡಿರಬಹುದು. ನೀನs ಅಂತ ನನಗ ಹ್ಯಾಂಗ ಗೊತ್ತಾಗಬೇಕು? ನಾಳೆ ಕೊಳ್ಳಾವರು ಕೇಳಿದ್ರ ಏನು ಹೇಳಲಿ?”

ಬದುಕಿ ಎದುರು ನಿಂತವಳಿಗೆ, ನೀನು ಸತ್ತ ಕೂಸಿರಬಹುದು ಎಂದಂತಾಯಿತು.  ನನಗೆ ಅವನ ಕಪಾಳಕ್ಕೆ ಒಂದು ಬಿಗಿಯುವಷ್ಟು ಸಿಟ್ಟು ಬಂದಿತ್ತು. 

“ಅಪ್ಪ ಇಟ್ಟ ಹೆಸರೋ ಅದು. ಅವ್ವನೂ ಹಂಗs ಕರೀತಿದ್ದಳು. ಮದುವಿ ಆದಮ್ಯಾಲ ಮಂದಿ ಮುಂದ ರಮಾ ಅಂತ ಅನ್ನಲಿಕ್ಕೆ ಹತ್ತಿದಳು. ನಾವಿಬ್ಬರs ಇದ್ದಾಗ ಸುಭದ್ರಾನs” ಎಂದಳು ರಮಕ್ಕ.

ಶ್ರೀನಿವಾಸನ ಕೈಯಲ್ಲಿದ್ದ ಖಣ ಅಲ್ಲಿಯೇ ನಿಂತಿತು.

“ಅವ್ವ?” ಎಂದ. ಖಣ ಕೆಳಗಿಟ್ಟ. ಮತ್ತೆ ಎಂದ, “ಅವ್ವ ಹೋಗೂ ಮುಂದ ಸುಭದ್ರಾ, ಸುಭದ್ರಾ ಅಂತ ಒಂದs ಸವನ ಕನವರಿಸತಿದ್ದಳು ಅಕ್ಕಾ. ‘ಸುಭದ್ರಾ ಬಂದಳೇನು, ಸುಭದ್ರಾಗ ಹೇಳೀರೇನು’ ಅಂತ. ಆಕಿಗೆ ಭ್ರಮಿ ಆಗೇದ, ಯಾವದೋ ಸಣ್ಣಾಕಿ ಇದ್ದಾಗಿನ ಗೆಳತಿ ನೆನಪಾಗ್ಯಾಳ ಅಂದ್ರು ಎಲ್ಲಾರೂ. ನಾನs ಕೈ ಹಿಡದು ಸುಳ್ಳ ಹೇಳಿದೆ. ಬಂದಾಳವ್ವಾ, ಹೊರಗ ಕೂತಾಳ ಅಂತ.”

ರಮಕ್ಕ ಕಂಬ ಹಿಡಿದು ಕೂತಳು. ಆಗ ಆಕೆ ಅಥಣಿಯಲ್ಲಿದ್ದಳು. ಎಲ್ಲ ಮುಗಿದ ಮೇಲೆ ಸುದ್ದಿ ಹೋಗಿತ್ತು. ಯಾಕೆ ಮೊದಲೇ ಹೇಳಿ ಕಳಿಸಲಿಲ್ಲ ಎಂದು ಕೇಳಿದ್ದಕ್ಕೆ, ಅವ್ವ ನಿನ್ನ ಹೆಸರು ತೆಗೆಯಲಿಲ್ಲ ಎಂದಿದ್ದರಂತೆ. ಹೆತ್ತ ತಾಯಿ ಸಾಯುವಾಗ ತನ್ನನ್ನು ನೆನೆಯಲಿಲ್ಲ ಎಂಬ ಮುಳ್ಳನ್ನು ಇಷ್ಟು ವರ್ಷ ಒಳಗೆ ಇಟ್ಟುಕೊಂಡು ಆಕೆ ಮಂದಿಗೆ ರೊಟ್ಟಿ ಬಡಿದು ಹಾಕಿದ್ದಾಳೆ. ಅದು ನನಗೆ ಆ ಜಗಲಿಯ ಮೇಲೆ ಗೊತ್ತಾಯಿತು.

“ತಾರ ಮಾಡಿದ್ರ ಬರ್ತಿದ್ನಲ್ಲೋ ಸೀನಾ” ಎಂದಳು. ಅಷ್ಟೇ. ಬೈಯಲಿಲ್ಲ.

ಅವನು ಅಳತೊಡಗಿದ. ಮೀಸೆ ಬೆಳೆದ ಗಂಡಸು ಖಣದ ಗಂಟಿನಲ್ಲಿ ಮುಖ ಇಟ್ಟುಕೊಂಡು ಅಳುವುದನ್ನು ನಾನು ಮೊದಲ ಸಲ ನೋಡಿದೆ. ನಾನು ಎದ್ದು ಮನೆಗೆ ಬಂದೆ.

ಮರುದಿನ ಶ್ರೀನಿವಾಸನೇ ವಕೀಲರ ಹತ್ತಿರ ಹೋಗಿ, ಆ ಸುಭದ್ರಾ ನಮ್ಮಕ್ಕನೇ, ನಾನೇ ಬರೆದು ಕೊಡುತ್ತೇನೆ ಎಂದನಂತೆ. ಈಗ ಮುಂಭಾಗವಷ್ಟೇ ಮಾರಾಟಕ್ಕಿದೆ. ಕೊಳ್ಳುವವರು ಬೆಲೆ ಇಳಿಸುವ ಮಾತಾಡುತ್ತಿದ್ದಾರೆ. ಶ್ರೀನಿವಾಸ ಇನ್ನೂ ಏನೂ ಹೇಳಿಲ್ಲ. ರಮಕ್ಕನ ಒಲೆ ಇದ್ದಲ್ಲಿಯೇ ಇದೆ. ನಿನ್ನೆ ಬದನೆಕಾಯಿ ಎಣ್ಣೆಗಾಯಿ ಇತ್ತು. (ಹೌದು, ಹೋಗಿದ್ದೆ.)

ಈಗ ನಾನು ಯೋಚಿಸುತ್ತಿರುವುದು ಸರಕಾರದ ಆ ಪುಸ್ತಕಗಳ ವಿಷಯ. ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಹುಡುಕಬಹುದು, ಒಳ್ಳೆಯದೇ. ಆದರೆ ಹುಡುಕಲು ಹೆಸರು ಗೊತ್ತಿರಬೇಕಲ್ಲ? ತೆರೆದ ಪುಸ್ತಕದ ಮುಂದೆ ವಕೀಲರು ಕೂತರು, ತಮ್ಮ ಕೂತ, ನಾನು ಕೂತೆ, ಆಕೆಯೇ ಕೂತಳು. ಸುಭದ್ರಾ ಒಳಗೆ ಕಾದಿದ್ದಳು. ಇಂಥವರು ಆ ಕಪಾಟಿನಲ್ಲಿ ಇನ್ನೂ ಎಷ್ಟು ಮಂದಿ ಇದ್ದಾರೋ, ಯಾರು ಬಂದು ಕರೆಯಬೇಕು?

ಸರಕಾರವನ್ನು ಬಿಡಿ, ಅದು ಮಣ್ಣಿನ ಗೋಡೆಯ ಲೆಕ್ಕ ಇಡುತ್ತದೆ. ನಮ್ಮ ಮಾತು ಆಡೋಣ. ಫೀ ಇಲ್ಲ, ಅರ್ಜಿ ಇಲ್ಲ, ಕಾರಕೂನನ ಗೊಣಗಾಟ ಇಲ್ಲ, ಒಂದೇ ಪ್ರಶ್ನೆ. ಯಾರನ್ನೂ ಕೇಳದೆ ಹೇಳಬೇಕು.

ನಿಮ್ಮ ತಾಯಿಯನ್ನು ಆಕೆಯ ತಾಯಿ ಏನೆಂದು ಕರೆಯುತ್ತಿದ್ದಳು?